ಮದುವೆ ಮನೆಗೆ ಕೀ ಕೊಡುವ ಕ್ರೋನೋಗ್ರಾಫ್: 4 ವರ್ಷ ಕಟ್ಟಿದ ಮೇಲೆ ಸೀಗಲ್ 1963

ಸಮಾರಂಭಕ್ಕೆ ಕಟ್ಟುವ ವಾಚ್ ತೆಳ್ಳಗಿರಬೇಕು, ಡಯಲ್ ಮೇಲೆ ಗದ್ದಲ ಇರಬಾರದು, ತುಂಬುತೋಳಿನ ಒಳಗೆ ಸುಮ್ನೆ ಜಾರಿಹೋಗಬೇಕು ಅಂತ ವಾಚ್ ಹುಚ್ಚಿನವರು ಹೇಳುತ್ತಾರೆ. ಆ ಲೆಕ್ಕದಲ್ಲಿ ಕ್ರೋನೋಗ್ರಾಫ್, ಅಂದ್ರೆ ಸ್ಟಾಪ್‌ವಾಚ್ ಕೂಡ ಇರುವ ವಾಚ್, ನಪಾಸು. ಆದರೆ ನಮ್ಮ ಮದುವೆಗಳಲ್ಲಿ ತೋಳು ಮಡಚದೆ ಎಲೆ ಮುಂದೆ ಕೂರುವವರು ಯಾರಿದ್ದಾರೆ? ಶರ್ಟಿನ ತೋಳು ಮೊಣಕೈಗೆ ಏರಿದ ಮೇಲೆ ವಾಚು ದಪ್ಪವೋ ತೆಳುವೋ, ಏನಾದರೇನು. 4 ವರ್ಷದಿಂದ ಎಲ್ಲ ಸಮಾರಂಭಕ್ಕೂ ನಾನು ಕಟ್ಟುವುದು ಸೀಗಲ್ 1963 ಅನ್ನುವ ಕ್ರೋನೋಗ್ರಾಫನ್ನೇ.

ಚೀನಾದ ಟಿಯಾನ್‌ಜಿನ್ ವಾಚ್ ಕಾರ್ಖಾನೆಗೆ 1961ರಲ್ಲಿ ವಾಯುಪಡೆಗಾಗಿ ಕ್ರೋನೋಗ್ರಾಫ್ ಮಾಡುವ ಕೆಲಸ ಬಂತು. ವಾಚಿನ ಒಳಗೆ ಕೂರುವ, ಸ್ವಿಟ್ಜರ್ಲೆಂಡಿನ ವೀನಸ್ 175 ಯಂತ್ರ ತಯಾರಿಸುವ ಸಲಕರಣೆಗಳನ್ನೇ ಕೊಂಡು ತಂದರು. ಇವತ್ತಿನ ಎಸ್‌ಟಿ19 ಯಂತ್ರ ಅದರ ವಂಶದ್ದು, ನನ್ನ ವಾಚು ಆ ಹಳೇ ಮಾದರಿಯ ಮರುತಯಾರಿ. ಅದೇ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಶುರು ಮಾಡಿತ್ತು. ಅಪ್ಪನ ಹತ್ತಿರ ಎಚ್‌ಎಂಟಿಯ ಕೀ ಕೊಡುವ ಜನತಾ ವಾಚು ಇತ್ತು. ನನ್ನದನ್ನು ನೋಡಿ ಅಪ್ಪ ಕೇಳಿದ್ದು ಒಂದೇ ಮಾತು: "ಇದಕ್ಕೂ ಕೀ ಕೊಡ್ಬೇಕಾ? ಮತ್ತೆ ಅಷ್ಟು ದುಡ್ಡು ಯಾಕೆ ಕೊಟ್ಟೆ?"

ಕೀ ಕೊಡಬೇಕಾಗಿರುವುದೇ ನನಗೆ ಇಷ್ಟ ಅಪ್ಪಾ. ವಾರಗಟ್ಟಲೆ ಬೀರುವಿನಲ್ಲಿ ಮಲಗಿರುತ್ತೆ. ಹೊರಡುವ ದಿನ ಸ್ನಾನ ಮುಗಿಸಿ ಬಂದು ಕೀ ತಿರುಗಿಸಿ ಗಂಟೆ ಸರಿಮಾಡಿದರೆ ಮುಗಿಯಿತು. ತಾರೀಖಿನ ಕಿಟಕಿ ಇಲ್ಲ, ಹಾಗಾಗಿ ತಾರೀಖು ಸರಿಮಾಡುವ ರಗಳೆಯೂ ಇಲ್ಲ. ಆಗೊಮ್ಮೆ ಈಗೊಮ್ಮೆ ಕಟ್ಟುವ ವಾಚಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಕೀ ತಿರುಗಿಸುವಾಗ ಬಿಗಿ ಅನಿಸಿದರೆ ನಿಲ್ಲಿಸಿ, ಅಷ್ಟೇ. ಕೈಯಲ್ಲಿ ಕಟ್ಟಿಕೊಂಡೇ ಕೀ ಕೊಡಬೇಡಿ, ಕೀ ಓರೆಯಾಗಿ ಎಳೆದುಕೊಳ್ಳುತ್ತೆ.

ಅಗಲ 38 ಮಿಲಿಮೀಟರ್, ನನ್ನ ಸಣಕಲು ಮಣಿಕಟ್ಟಿಗೆ ಸರಿಯಾಗಿದೆ. ಕೆನೆ ಬಣ್ಣದ ಡಯಲ್, ಚಿನ್ನದ ಬಣ್ಣದ ಅಂಕಿಗಳು, 12ರ ಕೆಳಗೆ ಕೆಂಪು ನಕ್ಷತ್ರ. ಜೊತೆಗೆ ಬಂದ ಬೆಲ್ಟು ತೆಗೆದು ಕಂದು ಚರ್ಮದ್ದು ಹಾಕಿಸಿದೆ. ರೇಷ್ಮೆ ಪಂಚೆಯ ಜರಿಗೂ ಅಂಕಿಗಳಿಗೂ ಎಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ, ಬೇಕಂತಲೇ ಮಾಡಿದ್ದಾರೇನೋ ಅನಿಸುತ್ತೆ. ಆದರೆ ನಿಜವಾದ ಅಲಂಕಾರ ಹಿಂದುಗಡೆ. ಆಟೋಮ್ಯಾಟಿಕ್ ವಾಚಿನಲ್ಲಿ ಗಿರಗಿರ ತಿರುಗುವ ರೋಟರ್ ಅರ್ಧ ಯಂತ್ರವನ್ನು ಮುಚ್ಚಿಬಿಡುತ್ತೆ. ಇದರಲ್ಲಿ ಅದಿಲ್ಲ. ನೀಲಿ ಸ್ಕ್ರೂಗಳು, ಪುಟ್ಟ ಸನ್ನೆಕೋಲುಗಳು, ಗುಂಡಿ ಒತ್ತಿದಾಗ ಒಂದು ಹಲ್ಲು ಮುಂದೆ ಹೋಗಿ ಸ್ಟಾಪ್‌ವಾಚನ್ನು ಓಡಿಸುವ, ನಿಲ್ಲಿಸುವ ಕಾಲಮ್ ವೀಲ್ ಅನ್ನುವ ಚಕ್ರ, ಎಲ್ಲವೂ ಗಾಜಿನ ಕೆಳಗೆ ಕಾಣುತ್ತೆ. ಕೊಳ್ಳುವಾಗ ಹಿಂಬದಿಗೆ ಗಾಜು ಇದೆಯೋ ಉಕ್ಕಿನ ಮುಚ್ಚಳವೋ ನೋಡಿಕೊಳ್ಳಿ.

ಸಮಾರಂಭದಲ್ಲಿ ಸ್ಟಾಪ್‌ವಾಚ್ ಯಾಕೆ ಅಂತೀರಾ? ಒಮ್ಮೆ ಪಂಕ್ತಿಯಲ್ಲಿ ಉಪ್ಪು ಬಡಿಸಿದಾಗ ಒತ್ತಿ, ಮಜ್ಜಿಗೆ ಮುಗಿದಾಗ ನಿಲ್ಲಿಸಿದೆ. 23 ನಿಮಿಷ. ಅದರ ನಿಮಿಷದ ಲೆಕ್ಕ 30ಕ್ಕೇ ಮುಗಿಯುತ್ತೆ, ಊಟಕ್ಕೆ ಸಾಕು. ಮನೆಯಲ್ಲಿ ಇಡ್ಲಿಗೂ ಆಗುತ್ತೆ. ಓಡುತ್ತಿರುವಾಗ ಕೆಳಗಿನ ಗುಂಡಿ ಒತ್ತಬಾರದು, ಮೊದಲು ನಿಲ್ಲಿಸಿ ಆಮೇಲೆ ಸೊನ್ನೆಗೆ ತನ್ನಿ.

ನೀರಿಗೆ ಇದು ಆಗಿಬರಲ್ಲ. ಕೈ ತೊಳೆಯುವಾಗ ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ, ನೋಡಿದವರು ನಗುತ್ತಾರೆ. ನನ್ನದಕ್ಕೆ ಮುಂದೆ ಇರುವುದು ಗಾಜಲ್ಲ, ಅಕ್ರಿಲಿಕ್. ಬೇಗ ಗೀರು ಬೀಳುತ್ತೆ, ಟೂತ್‌ಪೇಸ್ಟ್ ಹಾಕಿ ತಿಕ್ಕಿದರೆ ಮುಕ್ಕಾಲು ಪಾಲು ಹೋಗುತ್ತೆ. ದಿನಕ್ಕೆ 10-15 ಸೆಕೆಂಡು ಮುಂದೆ ಓಡುತ್ತೆ. ಮುಹೂರ್ತಕ್ಕೆ ತಡವಾಗದಿದ್ದರೆ ಸಾಕಲ್ವಾ.

ತಲೆನೋವು ಅಂದ್ರೆ ಸರ್ವಿಸ್. ನಮ್ಮ ಬೀದಿಯ ರಿಪೇರಿಯವರು ಹಿಂಬದಿ ನೋಡಿ, ಎರಡು ಸಲ ಗುಂಡಿ ಒತ್ತಿ, "ಚೆನ್ನಾಗಿದೆ ಸಾರ್, ಆದ್ರೆ ನಾನು ಕೈ ಹಾಕಲ್ಲ" ಅಂತ ವಾಪಸ್ ಕೊಟ್ಟರು. ಕ್ರೋನೋಗ್ರಾಫ್ ಬಿಚ್ಚಿ ಜೋಡಿಸುವವರನ್ನು ಇನ್ನೂ ಹುಡುಕುತ್ತಿದ್ದೇನೆ.