ಮೊಸೆಲ್ ದಡದಲ್ಲಿ ಮೋಟಾರ್‌ಹೋಮ್ ಪ್ರವಾಸ
ಲಕ್ಸೆಂಬರ್ಗ್ ಮತ್ತು ಜರ್ಮನಿಗಳ ನಡುವೆ ಗಡಿಯಾಗಿ ಹರಿಯುವ ಮೊಸೆಲ್ ನದಿಯ ದಡದ ಕ್ಯಾಂಪ್‌ಸೈಟುಗಳಲ್ಲಿ ತಂಗುತ್ತ, ಶೆಂಗೆನ್‌ನಿಂದ ರೆಮಿಶ್ ಮಾರ್ಗವಾಗಿ ವಾಸರ್‌ಬಿಲಿಗ್‌ವರೆಗೆ ಸಾಗುವ ಈ ಪ್ರವಾಸವನ್ನು, ಮೋಟಾರ್‌ಹೋಮನ್ನು (ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ವಾಹನ) ಮೊದಲ ಬಾರಿಗೆ ಬಾಡಿಗೆಗೆ ಪಡೆಯುವವರಿಗೂ ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಹಾದಿ ಚಿಕ್ಕದು, ಯುರೋಪಿನ ಕೆಲವು ದೇಶಗಳ ನಡುವೆ ಗಡಿ ತಪಾಸಣೆಯನ್ನು ಕೈಬಿಡುವ 1985ರ ಶೆಂಗೆನ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇದೇ ನದಿಯಲ್ಲಿದ್ದ ಹಡಗಿನ ಮೇಲೆ.

ಲಕ್ಸೆಂಬರ್ಗಿನಲ್ಲಿ 2020ರಿಂದ ಬಸ್ಸು, ಟ್ರಾಮುಗಳಲ್ಲೂ ರೈಲಿನ ಎರಡನೇ ದರ್ಜೆಯಲ್ಲೂ ಪ್ರಯಾಣ ಉಚಿತವಾಗಿರುವುದರಿಂದ, ವಾಹನವನ್ನು ನಿಲ್ಲಿಸಿದಲ್ಲೇ ಬಿಟ್ಟು ನಿಶ್ಚಿಂತೆಯಿಂದ ಊರು ಸುತ್ತಬಹುದು. ಈ ಅನುಕೂಲವೇ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ನೀರಿಗೆ ತಾಗಿದ ಮೊದಲ ಸಾಲಿನಲ್ಲಿ ಜಾಗ ಸಿಕ್ಕರೆ, ಎದುರು ದಡದ ದ್ರಾಕ್ಷಿತೋಟಗಳನ್ನೂ ಉದ್ದನೆಯ ಸರಕು ದೋಣಿಗಳನ್ನೂ ಕಿಟಕಿಯಿಂದಲೇ ನೋಡಬಹುದು. ಆದರೆ ನಮಗೆ ಕೊಟ್ಟ ವಾಹನದ ವಿದ್ಯುತ್ ಕೇಬಲ್, ಕ್ಯಾಂಪ್‌ಸೈಟಿನಲ್ಲಿ ವಾಹನಗಳಿಗೆ ವಿದ್ಯುತ್ ಕೊಡುವ ಕಂಬದವರೆಗೆ ಎಟುಕದೆ ಆ ಸಾಲನ್ನೇ ಬಿಡಬೇಕಾಯಿತು. ಬಾಡಿಗೆ ಸಂಸ್ಥೆಯವರು ಇದನ್ನು ಮೊದಲೇ ನೋಡಿಕೊಳ್ಳಬೇಕಿತ್ತು. ವಾಹನವನ್ನು ಪಡೆಯುವಾಗಲೇ ಕೇಬಲನ್ನು ಬಿಚ್ಚಿಸಿ ಅದರ ಉದ್ದ ನೋಡಿಕೊಳ್ಳಿ.