ಹಳೆ ಬೇರಿಂಗ್ ಗುಜರಿಗೆ ಹಾಕುವ ಮುಂಚೆ ಬಿಸಿಲಿಗೆ ಹಿಡಿದು ನೋಡಿ

ಮನೆಯಲ್ಲೇ ಇಂಜಿನ್ ಬಿಚ್ಚಿ ಕಟ್ಟುವವರು ದಯವಿಟ್ಟು ಇದನ್ನು ಓದಿ. ನನ್ನ ಕೈಯಲ್ಲಿ ಒಂದೇ ಇಂಜಿನ್ನಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡಿನ ಕೆಳತುದಿಗೂ ಕ್ರ್ಯಾಂಕಿಗೂ ನಡುವೆ ಕೂರುವ ತೆಳು ಲೋಹದ ಚಿಪ್ಪು) ಎರಡು ಸಲ ಹೋಯಿತು. ಎರಡನೇ ಸಲದ್ದನ್ನು ಖಂಡಿತ ತಪ್ಪಿಸಬಹುದಿತ್ತು.

ಅಪ್ಪನ ಹಳೆಯ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ದಾವಣಗೆರೆಯ ನಮ್ಮ ಮನೆ ಶೆಡ್ಡಿನಲ್ಲಿ ಇಂಜಿನ್ ಇಳಿಸಿದೆ. ಪಿಸ್ಟನ್ನಿನ ಹೊಡೆತವನ್ನು ತಿರುಗಾಟ ಮಾಡುವ ಶಾಫ್ಟು, ಅಂದರೆ ಕ್ರ್ಯಾಂಕ್, ಸವೆದಿತ್ತು. 0.25 ಎಂಎಂ ಗ್ರೈಂಡಿಂಗ್ ಮಾಡಿಸಿ, ಅದೇ ಸೈಜಿನ ಬೇರಿಂಗ್ ತಂದೆ. ಪ್ಲಾಸ್ಟಿಗೇಜ್ (ಒತ್ತಿದಾಗ ಎಷ್ಟು ಅಗಲವಾಯಿತು ಅಂತ ನೋಡಿ ಗ್ಯಾಪ್ ಅಳೆಯುವ ಮೆತ್ತನೆ ಪ್ಲಾಸ್ಟಿಕ್ ಎಳೆ) ಇಟ್ಟು ಗ್ಯಾಪ್ ನೋಡಿದೆ, ಸರಿಯಾಗಿತ್ತು. ರಾಡಿನ ಕೆಳಗಿನ ಅರ್ಧ ಮುಚ್ಚಳ, ಅಂದರೆ ರಾಡ್ ಕ್ಯಾಪ್, ಅದಲುಬದಲಾಗದಂತೆ ಗುರುತು ಹಾಕಿದ್ದೆ. ಬೋಲ್ಟು ಬಿಗಿ ಮಾಡಿದ್ದೂ ಎಷ್ಟು ಬಿಗಿ ಅಂತ ಅಳತೆ ತೋರಿಸುವ ಟಾರ್ಕ್ ರೆಂಚಿನಲ್ಲೇ.

ಹರಿಹರಕ್ಕೆ ಹೋಗಿ ವಾಪಸ್ ಬರುವಾಗ ಶುರುವಾಯಿತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಕೆಳಗಿನಿಂದ ಟಕ್ ಟಕ್ ಸದ್ದು. ಗಾಡಿ ನಿಂತಾಗ ಆಯಿಲ್ ಲೈಟ್ ಮಿಣುಕುತ್ತಿತ್ತು. ಅಲ್ಲೇ ಇಂಜಿನ್ ಆಫ್ ಮಾಡಬೇಕಿತ್ತು. ಮನೆ ಹತ್ತಿರವೇ ಇದೆ ಅಂತ ಓಡಿಸಿಬಿಟ್ಟೆ. ಶೆಡ್ಡಿಗೆ ಬಂದು ಪ್ಲಗ್ ವೈರ್ ಒಂದೊಂದಾಗಿ ತೆಗೆದೆ. ಎರಡನೇ ಸಿಲಿಂಡರಿನದು ತೆಗೆದ ಕೂಡಲೇ ಸದ್ದು ಇಳಿಯಿತು. ಅಲ್ಲಿ ಪೆಟ್ರೋಲ್ ಉರಿಯದಿದ್ದರೆ ರಾಡ್ ಮೇಲೆ ಹೊಡೆತ ಕಡಿಮೆ, ಅದಕ್ಕೇ. ಆಯಿಲ್ ಚೇಂಬರ್ ಬಿಚ್ಚಿದರೆ ಆಯಿಲ್ ತುಂಬ ಮಿನುಗುವ ಲೋಹದ ಪುಡಿ.

ಆಗ ಮಾಡಿದ ತಪ್ಪು ಇದು. ಬೇರಿಂಗ್ ಕ್ವಾಲಿಟಿಯೇ ಸರಿಯಿಲ್ಲ ಅಂದುಕೊಂಡೆ. ಹಳೆಯ ಸೆಟ್ ಗುಜರಿಗೆ ಹೋಯಿತು. ಕ್ರ್ಯಾಂಕ್ ಇಳಿಸದೆ, ಅದರ ಪಿನ್ (ರಾಡ್ ಕೂರುವ ಜಾಗ) ಮೇಲಿನ ಗೀರುಗಳನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಸೆಟ್ ಕೂರಿಸಿದೆ. 100 ಕಿಲೋಮೀಟರ್ ಕೂಡ ಓಡಲಿಲ್ಲ. ಮತ್ತೆ ಅದೇ ಸದ್ದು.

ಈ ಸಲ ಕ್ರ್ಯಾಂಕ್, ಬೇರಿಂಗ್ ಎಲ್ಲ ಹೊತ್ತುಕೊಂಡು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬೇರಿಂಗನ್ನು ಬಿಸಿಲಿಗೆ ಹಿಡಿದರು. "ಆಯಿಲ್ ಸಿಗದೆ ಹೋಗಿದ್ರೆ ಮೈಯೆಲ್ಲ ಸವರಿದಂಗೆ ಆಗಿ ಕಪ್ಪಾಗ್ತಿತ್ತು. ಇದು ಗೀರು ಕಣಪ್ಪ. ನೋಡು, ಚುಕ್ಕಿ ಚುಕ್ಕಿ ಕೂತಿದೆ. ಕ್ರ್ಯಾಂಕ್ ತೊಳೆದಿದ್ದೀಯಾ?"

ಹೊರಗಡೆ ತೊಳೆದಿದ್ದೆ. ಅವರು ಕ್ರ್ಯಾಂಕಿನ ಆಯಿಲ್ ತೂತಿಗೆ ತಂತಿ ತೂರಿಸಿ ಎಳೆದರು. ಬೂದು ಬಣ್ಣದ ಮೆತ್ತನೆ ಕೆಸರು ಬಂತು. ಗ್ರೈಂಡಿಂಗ್ ಕಲ್ಲಿನ ಪುಡಿ! ಬೇರಿಂಗಿಗೂ ಪಿನ್ನಿಗೂ ನಡುವೆ ಇರುವ ಜಾಗ ಒಂದು ಕೂದಲೆಳೆಗಿಂತ ಕಡಿಮೆ. ಅಲ್ಲಿಗೆ ಆ ಪುಡಿ ನುಗ್ಗಿದರೆ ಏನಾಗುತ್ತೆ, ನೀವೇ ಯೋಚಿಸಿ. ಫಿಲ್ಟರ್ ಇದೆಯಲ್ವಾ ಅಂತ ನಾನೂ ಕೇಳಿದೆ. ಆಯಿಲ್ ಫಿಲ್ಟರ್ ದಾಟಿದ ಮೇಲೇ ಕ್ರ್ಯಾಂಕಿಗೆ ಬರುವುದು. ಕೊಳೆ ಕ್ರ್ಯಾಂಕಿನ ಒಳಗೇ ಕೂತಿದ್ದರೆ ಫಿಲ್ಟರ್ ಅದನ್ನು ಹೇಗೆ ಹಿಡಿಯುತ್ತೆ?

ಕೊನೆಗೆ ಕ್ರ್ಯಾಂಕನ್ನು ಮತ್ತೆ ಗ್ರೈಂಡಿಂಗ್ ಮಾಡಿಸಿ 0.50 ಎಂಎಂ ಸೈಜಿಗೆ ತರಬೇಕಾಯಿತು. ಆಯಿಲ್ ಪಂಪಿನೊಳಗೂ ಗೀರು ಬಿದ್ದಿತ್ತು. ಫಿಲ್ಟರಿಗಿಂತ ಮುಂಚೆ ಇರುವುದು ಪಂಪ್, ಚೇಂಬರಿನ ಲೋಹದ ಪುಡಿ ಮೊದಲು ಹೋಗುವುದೇ ಅಲ್ಲಿಗೆ. ಅದನ್ನೂ ಬದಲಿಸಿದೆ. ಕ್ರ್ಯಾಂಕಿನ ಪ್ರತಿ ತೂತಿಗೂ, ಬ್ಲಾಕಿನ ಆಯಿಲ್ ದಾರಿಗಳಿಗೂ ಸೀಮೆಎಣ್ಣೆ ಹಾಕಿ, ಸಣ್ಣ ನೈಲಾನ್ ಬ್ರಷ್ ಆಡಿಸಿ, ಗಾಳಿ ಹೊಡೆದೆ. ತೂರಿಸಿದ ಬಿಳಿ ಬಟ್ಟೆ ಬಿಳಿಯಾಗೇ ಹೊರಬರುವ ತನಕ ಬಿಡಲಿಲ್ಲ. ಇಡೀ ಭಾನುವಾರ ಅದಕ್ಕೇ ಹೋಯಿತು. ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಮೂರೂ ತೆಗೆದಿಟ್ಟು, ಆಯಿಲ್ ಲೈಟ್ ಆರುವ ತನಕ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದೆ.

ಲೇತಿನಿಂದ ಬಂದ ಕ್ರ್ಯಾಂಕ್ ಈಗ ನಿಮ್ಮ ಮುಂದೆ ಇದ್ದರೆ, ನೋಡೋಕೆ ಎಷ್ಟೇ ಥಳಥಳ ಅಂತಿರಲಿ, ಕಟ್ಟುವ ಮುಂಚೆ ಒಂದು ತಂತಿ ತಗೊಂಡು ಆ ತೂತುಗಳಿಗೆ ತೂರಿಸಿ ನೋಡಿ.