ತಾಂಬಟ ಆಳಿಯಾಗ ಕಲಾಯಿ ಹಾಕಿಸ್ಕೊಂಡು ಬಂದೆ, ಹೆಂಗಾತು ಅಂದ್ರ

ಅವ್ವ ಹೋದ ಮ್ಯಾಲ ವಿಜಯಪುರದ ಮನಿ ಖಾಲಿ ಮಾಡೋ ಮುಂದ ಅಣ್ಣ ಫೋನ್ ಮಾಡಿ ಕೇಳಿದ, ಈ ಹಿತ್ತಾಳಿ ಸಾಮಾನೆಲ್ಲಾ ಏನ್ ಮಾಡೂದು ತಂಗಿ, ಮೋಡಕಾದವ್ರಿಗೆ ತೂಕಕ್ಕ ಕೊಟ್ಟುಬಿಡಲೇನು ಅಂತ. ನಾ ಬ್ಯಾಡ ಅಂದೆ. ಎಲ್ಲಾ ಗೋಣಿಚೀಲದಾಗ ಕಟ್ಟಿ ಪುಣೆ ಹತ್ರ ಪಿಂಪ್ರಿಯಾಗಿನ ನಮ್ಮ ಮನಿಗೆ ತರಿಸ್ಕೊಂಡೆ, ಎರಡು ಹಿತ್ತಾಳಿ ಬೋಗಾಣಿ, ಒಂದು ಹಿತ್ತಾಳಿ ಕಡಾಯಿ, ಒಂದು ತಾಮ್ರದ ಕೊಡ, ಎರಡು ಕಂಚಿನ ಗಂಗಾಳ, ಬಂದಮ್ಯಾಲ ಲಾಫ್ಟ್ ಮ್ಯಾಲ ಇಟ್ಟಿದ್ದು ಎರಡು ವರ್ಷ ಹೆಚ್ಚುಕಡಿಮಿ ಅಲ್ಲೇ ಕೂತ್ವು. ಹೋದ ತಿಂಗಳ ಅವನ್ನ ಪುಣೆ ಕಸಬಾ ಪೇಠದಾಗಿನ ತಾಮ್ರದ ಕೆಲಸದವರ ಓಣಿ ತಾಂಬಟ ಆಳಿಗೆ ಒಯ್ದು ತೋರಿಸಿ ಬಂದೆ. ಪುಣೆದಾಗ ಇರೋ ನಮ್ಮ ಕಡೆ ಮಂದಿ ಎಲ್ಲಾರ ಮನ್ಯಾಗೂ ಹಿಂಥಾ ಪಾತ್ರಿ ಅಟ್ಟದ ಮ್ಯಾಲ ಬಿದ್ದಿರ್ತಾವ, ಅದಕ್ಕ ಸ್ವಲ್ಪ ವಿವರವಾಗೇ ಬರೀಲಿಕ್ಕತ್ತೀನಿ.

ಮೊದಲ ನನ್ನ ತಪ್ಪು ಹೇಳ್ತೀನಿ. ಹೋದ ವರ್ಷ ಯುಗಾದಿಗೆ ಹೋಳಿಗಿ ಮಾಡಿದ್ವಿ, ಕಟ್ಟಿನ ಸಾರು ಅವ್ವನ ಬೋಗಾಣಿಯಾಗೇ ಮಾಡಬೇಕು ಅಂತ ಆಸೆ ಆತು, ಕೆಳಗ ಇಳಿಸಿ ತೊಳದು ಹುಣಸಿ ಹುಳಿ ಹಿಂಡಿ ಕುದಿಸಿದೆ. ಒಳಗಿನ ಕಲಾಯಿ ಎಂದೋ ಹೋಗಿತ್ತು, ತಳದಾಗ ಹಳದಿ ಹಿತ್ತಾಳಿ ಬರಿಮೈಲೆ ಕಾಣ್ತಿತ್ತು, ನಾ ಅದನ್ನ ನೋಡ್ಲೇ ಇಲ್ಲ. ಮಧ್ಯಾಹ್ನ ಊಟಕ್ಕ ಬಡಿಸೋ ಮುಂದ ಅತ್ತಿಯವರು ಒಂದ ಗುಟುಕು ಕುಡದು ತಾಟು ಸರಿಸಿಬಿಟ್ರು, ಕಿಲುಬು ಬಂದದ, ಮಕ್ಕಳಿಗೆ ಹಾಕಬ್ಯಾಡ ಅಂದ್ರು. ಪೂರಾ ಬೋಗಾಣಿ ಸಾರು ಚೆಲ್ಲಿದೆ, ಹಬ್ಬದ ದಿನ. ಹುಳಿ ಪದಾರ್ಥ ಹಿತ್ತಾಳಿ ತಾಮ್ರಕ್ಕ ತಾಗಿದ್ರ ತಾಮ್ರದ ಅಂಶ ಅದರಾಗ ಬಿಡ್ತದ, ಬಾಯಿ ಒಗರು ಆಗ್ತದ, ಜಾಸ್ತಿ ಹೊಟ್ಟಿಗೆ ಹೋದ್ರ ವಾಂತಿ ಹೊಟ್ಟಿನೋವು ಬರ್ತದ. ಮೊಸರು ಮಜ್ಜಿಗಿ ಸಹಿತ ಹಂಗೇ. ಕಲಾಯಿ ಇರೂದೇ ಅದಕ್ಕ, ಊಟಕ್ಕೂ ಹಿತ್ತಾಳಿಗೂ ನಡುವ ತವರದ್ದೊಂದು ತೆಳು ಪರದಾ.

ಅದಾದ ಮ್ಯಾಲ ಮನಿ ಹತ್ರನೇ ಒಂದ ಕಡೆ ದೊಡ್ಡ ಬೋಗಾಣಿ ಕೊಟ್ಟು ಕಲಾಯಿ ಹಾಕಿಸ್ದೆ, ಅರ್ಧ ತಾಸಿನಾಗ ಕೊಟ್ರು, ಥಳಥಳ ಹೊಳೀತಿತ್ತು, ರೊಕ್ಕನೂ ಕಡಿಮಿ. ಎರಡು ತಿಂಗಳಾಗೂದ್ರಾಗ ತಳದಾಗ ಬೂದಿ ಬಣ್ಣ ತಿರುಗಿ ಹಕ್ಕಳಿ ಹಕ್ಕಳಿ ಎದ್ದು ಬರ್ಲಿಕ್ಕತ್ತು. ಮತ್ತ ಲಾಫ್ಟಿಗೆ ಹೋತು. ಆ ಅಂಗಡಿ ಹೆಸರು ಬ್ಯಾಡ, ಈಗ ಅದರ ವಿಷಯ ಅಲ್ಲ.

ತಾಂಬಟ ಆಳಿ ಅಂದ್ರ ಹುಬ್ಬಳ್ಳಿಯಾಗ ಕಂಚಗಾರ ಗಲ್ಲಿ ಅದ ಅಲ್ಲ, ಆ ಥರ ತಾಮ್ರದ ಕೆಲಸದವರ ಓಣಿ. ಪೇಶ್ವೆಯರ ಕಾಲದಾಗ ಕೋಕಣದಿಂದ ಬಂದು ನೆಲಿ ಆದ ಮನಿತನಗಳು, ಶನಿವಾರವಾಡಾದಿಂದ ನಡಕೊಂಡು ಹೋಗೋವಷ್ಟು ಹತ್ರ. ಈಗ ಹೋಗೂದು ಭಾಳ ಸುಲಭ ಆಗೇದ, ಸೆಪ್ಟೆಂಬರ್ 2024ರಾಗ ನೆಲದೊಳಗಿನ ಮೆಟ್ರೋ ಸ್ವಾರಗೇಟ್ ತನಕ ಚಾಲೂ ಆತಲ್ಲ, ಪಿಂಪ್ರಿಯ ಪಿಸಿಎಂಸಿ ಸ್ಟೇಷನ್‌ದಾಗ ಹತ್ತಿದ್ರ ಗಾಡಿ ಬದಲಿ ಮಾಡೋ ಕೆಲಸ ಇಲ್ಲ, ನೇರ ಕಸಬಾ ಪೇಠದಾಗ ಇಳಿಯೂದು. ಸೆಕ್ಯೂರಿಟಿ ಮಷೀನ್‌ದಾಗ ಬೋಗಾಣಿ ಕೊಡ ಎಲ್ಲಾ ಒಂದೊಂದೇ ಇಟ್ಟು ತಗದೆ, ಅಲ್ಲಿದ್ದ ಹುಡುಗಿ ನಮ್ಮಜ್ಜಿ ಮನ್ಯಾಗೂ ಹಿಂಥಾದ್ದೇ ಅದ ಅಂತ ಕೈಯಿಂದ ಮುಟ್ಟಿ ನೋಡಿದ್ಲು. ಓಣಿ ಬಂತು ಅಂತ ಕಿವಿಗೇ ಗೊತ್ತಾಗ್ತದ, ಸುತ್ತಿಗಿ ಸಪ್ಪಳ. ತಾಮ್ರದ ಮ್ಯಾಲ ಒತ್ತೊತ್ತಾಗಿ ಸುತ್ತಿಗಿ ಏಟು ಹಾಕಿ ಚುಕ್ಕಿ ಚುಕ್ಕಿ ಮೂಡಸ್ತಾರ, ಅದಕ್ಕ ಮಠಾರಕಾಮ ಅಂತಾರ, ಬರೇ ಚಂದಕ್ಕಲ್ಲ, ಏಟು ಬಿದ್ದಷ್ಟೂ ಲೋಹ ಬಿರುಸಾಗಿ ಪಾತ್ರಿ ಗಟ್ಟಿ ಆಗ್ತದ. ಸುಮ್ಮನೆ ನೋಡಕೋತ ನಿಂತ್ರೂ ಹೊತ್ತು ಹೋಗೂದು ತಿಳಿಯೂದಿಲ್ಲ.

ನಾ ಹೋದ ಅಂಗಡಿಗೆ ಬೋರ್ಡ್ ಇಲ್ಲ. ಮನಿ ಮುಂದಿನ ಕಟ್ಟಿ ಮ್ಯಾಲೇ ಕೆಲಸ, ಬಾಜೂಕ ಭಟ್ಟಿ, ಅಪ್ಪ ಮಗ ಇಬ್ಬರೂ ಕೂಡಿ ಮಾಡ್ತಾರ. ಅಪ್ಪಗ ನಾ ಕಾಕಾ ಅಂದೆ, ಅವರಿಗೆ ಎಪ್ಪತ್ತರ ಮ್ಯಾಲ ಇರಬೇಕು. ಅವರ ಹೆಂಡತಿ ಕಾಕೂದು ಊರು ನಿಪ್ಪಾಣಿ, ನಾ ಮಗಳ ಜೋಡಿ ಫೋನ್‌ದಾಗ ಕನ್ನಡ ಮಾತಾಡೂದು ಕೇಳಿ ಒಳಗಿಂದ ಬಂದು "ಕೂಡ್ರಿ ಅಕ್ಕಾರ, ಚಾ ಇಡ್ತೀನಿ" ಅಂದ್ರು, ಪುಣೆದಾಗ ಆ ಓಣಿಯಾಗ ಕನ್ನಡ ಕೇಳಿ ನನಗ ಕಣ್ಣಾಗ ನೀರೇ ಬಂತು, ಅವ್ವನ ಪಾತ್ರಿ ಬ್ಯಾರೆ ತೊಡಿ ಮ್ಯಾಲ ಇದ್ವು.

ಈಗ ಮುಖ್ಯ ವಿಷಯ. ನಾ ಆರು ಸಾಮಾನು ಮುಂದಿಟ್ಟು ಎಲ್ಲಾಕ್ಕೂ ಕಲಾಯಿ ಹಾಕ್ರಿ ಕಾಕಾ ಅಂದೆ. ಅವರು ಎಲ್ಲಾ ತಗೊಂಡಿದ್ರ ನನಗೇನು ತಿಳೀತಿತ್ತು, ಕೊಟ್ಟು ಬರ್ತಿದ್ದೆ. ಅವರು ಒಂದೊಂದೇ ಎತ್ತಿ ಉಗುರಿನಿಂದ ಬಡದು ಬಡದು ನೋಡಿದ್ರು, ನಾಕು ಸಾಮಾನು ಬಾಜೂಕ ಸರಿಸಿಬಿಟ್ರು. ಗಂಗಾಳ ಬಡದ್ರ ಠಣ್ಣ್ ಅಂತ ನಾದ ಉದ್ದಕ ಹೋತು, "ತಾಯಿ, ಇದು ಕಂಚು, ಇದಕ್ಕ ಕಲಾಯಿ ಬೇಕಾಗಿಲ್ಲ, ಕೈಯಾಗಿಂದ ಬೀಳಸಬ್ಯಾಡ್ರಿ ಅಷ್ಟೇ" ಅಂದ್ರು. ಕಂಚಿನಾಗ ತಾಮ್ರದ ಜೋಡಿ ತವರ ಐದನೇ ಒಂದು ಪಾಲಿನಷ್ಟು ಇರ್ತದ, ಅದಕ್ಕೇ ಆ ನಾದ, ಅದಕ್ಕೇ ಬಿದ್ರ ಗಾಜಿನಂಗ ಸೀಳೂದು. ಹಿತ್ತಾಳಿ ಅಂದ್ರ ತಾಮ್ರ ಮತ್ತ ಸತು, ಅದು ಬಿದ್ರ ನೆಗ್ಗತದ, ಒಡೆಯೂದಿಲ್ಲ. ಕೊಡದಾಗ ಏನ್ ಇಡ್ತೀರಿ ಅಂತ ಕೇಳಿದ್ರು, ಕುಡಿಯೋ ನೀರು ಅಂದೆ, ಹಂಗಾರ ಬ್ಯಾಡ, ಲಿಂಬಿಹಣ್ಣು ಮಜ್ಜಿಗಿ ಮಾತ್ರ ಹಾಕಬ್ಯಾಡ್ರಿ ಅಂದ್ರು. ಕಡಾಯಿಯಾಗ ಏನ್ ಮಾಡ್ತೀರಿ ಅಂದ್ರು, ಕರಿಯೂದು, ಸಂಡಿಗಿ ಹಪ್ಪಳ ಅಂದೆ. ಅದಕ್ಕಂತೂ ಹಾಕಲೇ ಬಾರದು, ಎಣ್ಣಿ ಕಾಯೋ ಉರಿಗೆ ಕಲಾಯಿ ಉಳಿಯೂದಿಲ್ಲ, ಎಣ್ಣಿಯಾಗ ಹುಳಿ ಇಲ್ಲ, ಹಿತ್ತಾಳಿಗೆ ಏನೂ ಆಗೂದಿಲ್ಲ, ಹಂಗೇ ವಾಪರಿಸ್ರಿ ಅಂದ್ರು. ಉಳದದ್ದು ಎರಡು ಬೋಗಾಣಿ. ಸಣ್ಣದ್ರ ಅಂಚಿನಾಗ ಕೂದಲೆಳಿ ಅಷ್ಟು ಸೀಳು, ಅದನ್ನ ನಾ ಜಲ್ಮದಾಗ ನೋಡಿದ್ದಿಲ್ಲ. ಮೊದಲ ಬೆಸಿಗಿ ಹಾಕಬೇಕು, ಆಮ್ಯಾಲ ಕಲಾಯಿ, ಉಲ್ಟಾ ಮಾಡಿದ್ರ ಬೆಸಿಗಿ ಉರಿಗೆ ಕಲಾಯಿ ಸುಟ್ಟು ಹೋಗ್ತದ, ಅದಕ್ಕ ಒಂದ ವಾರ ಬಿಟ್ಟು ಹೋಗ್ರಿ ಅಂದ್ರು. ಬಂದ ಗಿರಾಕಿಗೆ ನಾಕು ಸಾಮಾನು ಬ್ಯಾಡ ಅಂತ ವಾಪಸ್ ಕೊಡೋ ಅಂಗಡಿ ನಾ ಇಷ್ಟು ವರ್ಷದಾಗ ನೋಡಿದ್ದು ಇದೊಂದೇ.

ದೊಡ್ಡ ಬೋಗಾಣಿ ನನ್ನ ಮುಂದೇ ಮಾಡಿದ್ರು. ಅದನ್ನ ಭಟ್ಟಿ ಮ್ಯಾಲ ಇಟ್ಟ ಸ್ವಲ್ಪ ಹೊತ್ತಿಗೇ ಆ ಹಳೇ ಕಲಾಯಿ ಕರಗಿ ಹರೀಲಿಕ್ಕತ್ತು, ಅರಿವಿಲೆ ಒರಸಿದ್ರ ಕಪ್ಪಗ ಬಂತು. ಕಾಕಾ ಮಾರಿ ಸಣ್ಣದು ಮಾಡಿ, ಇದರಾಗ ಸೀಸ ಕೂಡಿಸ್ಯಾರ ಅಂದ್ರು. ಬರೇ ತವರ ಕರಗಲಿಕ್ಕ 232 ಡಿಗ್ರಿ ಬೇಕು, ಬರೇ ಸೀಸಕ್ಕ 327, ಆದ್ರ ಎರಡೂ ಸರಿ ಪ್ರಮಾಣದಾಗ ಕೂಡಿಸಿದ್ರ 183ಕ್ಕೇ ಕರಗ್ತದ, ಎಲೆಕ್ಟ್ರಿಕ್ ಕೆಲಸದವರ ಸೋಲ್ಡರ್ ಇರ್ತದಲ್ಲ, ಅದೇ. ತವರ ತುಟ್ಟಿ, ಸೀಸ ಸೋವಿ, ಹಚ್ಚಲಿಕ್ಕೂ ಸುಲಭ, ಅದಕ್ಕ ಕೆಲವರು ಹಿಂಗ ಮಾಡ್ತಾರ. ಸೀಸ ಮಕ್ಕಳ ಮಿದುಳಿಗೇ ಹೋಗಿ ಹತ್ತತದ, ಇಷ್ಟಾದ್ರ ನಡೀತದ ಅನ್ನೋ ಸುರಕ್ಷಿತ ಪ್ರಮಾಣನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೇದ. ಆ ಎರಡು ತಿಂಗಳ ಆ ಬೋಗಾಣಿಯಾಗ ನಾ ಬ್ಯಾಳಿ ಬೇಯಿಸೀನಿ, ನೆನಸಿದ್ರ ಈಗೂ ಹೊಟ್ಟ್ಯಾಗ ಕಲಸತದ.

ಕಾಕಾ ತಮ್ಮ ತವರದ ಕಡ್ಡಿ ತಗದು ನನ್ನ ಕಿವಿ ಹತ್ರ ಹಿಡದು ಮೆಲ್ಲಕ ಬಗ್ಗಿಸಿದ್ರು, ಕರ್ರ್ ಕರ್ರ್ ಅಂತ ಸಪ್ಪಳ ಬಂತು, ಹಲ್ಲು ಕಡದಂಗ. ಶುದ್ಧ ತವರದೊಳಗಿನ ಹರಳು ಬಗ್ಗೋ ಮುಂದ ಒಂದಕ್ಕೊಂದು ಸರಿದು ಬರೋ ಸಪ್ಪಳ ಅದು. ನೀವು ಎಲ್ಲೇ ಹಾಕಿಸ್ರಿ, ಕಡ್ಡಿ ಬಗ್ಗಿಸಿ ತೋರಿಸ್ರಿ ಅಂತ ಕೇಳ್ರಿ, ಕೇಳಲಿಕ್ಕ ಸಂಕೋಚ ಬ್ಯಾಡ.

ಹಳೇದೆಲ್ಲಾ ಕೆತ್ತಿ ತಗದು, ತೊಳದು, ಮತ್ತ ಭಟ್ಟಿಗೆ. ಮಗ ಇಕ್ಕಳದಿಂದ ಹಿಡದು ತಿರಗಸ್ತಾನ, ಕಾಕಾ ಒಂದ ಚಿಮಟಿ ನವಸಾಗರ (ಒಂದ ಥರ ಬಿಳೀ ಉಪ್ಪು) ಉದರಸ್ತಾರ, ಬುಸ್ ಅಂತ ಬಿಳೀ ಹೊಗಿ ಏಳ್ತದ, ಮೂಗಿಗೆ ಘಾಟು. ಆ ನವಸಾಗರ ಕಾವಿಗೆ ಒಡದು ಹಿತ್ತಾಳಿ ಮ್ಯಾಲಿನ ಕಿಲುಬು ಕಪ್ಪು ಎಲ್ಲಾ ತಿಂದುಬಿಡ್ತದ, ಅದಿಲ್ಲಂದ್ರ ತವರ ಹತ್ತೂದೇ ಇಲ್ಲ, ನೀರಿನ ಹನಿ ಎಣ್ಣಿ ಮ್ಯಾಲ ಉರುಳಿದಂಗ ಉರುಳಿ ಹೋಗ್ತದ. ಹೊಗಿ ಇರೋವಾಗೇ ಕಡ್ಡಿ ತಳಕ್ಕ ತೀಡಿದ್ರು, ಹತ್ತಿ ಉಂಡಿಲೆ ಒಂದ ಸುತ್ತು ಒರಸಿದ್ರು, ಹಳದಿ ಬೋಗಾಣಿ ಒಳಗ ಬೆಳ್ಳಿ ಹರದಂಗ ಹರೀತು. ಎರಡು ಉಸುರು ಬಿಡೂದ್ರಾಗ ಮುಗೀತು. ಕೂಡಲೇ ತಣ್ಣೀರಾಗ ಅದ್ದಿದ್ರು. ಸಣ್ಣಾಕಿ ಇದ್ದಾಗ ನಮ್ಮ ಓಣಿಗೆ ಕಲಾಯಿಯಂವ ಬಂದು ಬೇವಿನ ಗಿಡದ ಕೆಳಗ ತೆಗ್ಗು ತೋಡಿ ತಿದಿ ಊದತಿದ್ದ, ನಾವು ಮಕ್ಕಳೆಲ್ಲಾ ಸುತ್ತ ಕೂತು ಇದನ್ನೇ ನೋಡ್ತಿದ್ವಿ, ಆ ಘಾಟು ಮೂಗಿಗೆ ಬಂದಕೂಡಲೇ ಅವ್ವ ಬಾಜೂಕ ನಿಂತಂಗಾತು.

ಹೆಂಗ ವಾಪರಿಸಬೇಕು ಅಂತ ಕಾಕಾ ಹೇಳಿದ್ದು ಇದಕ್ಕಿಂತ ಬೆಲೆಬಾಳೋದು. ಖಾಲಿ ಬೋಗಾಣಿ ಗ್ಯಾಸ್ ಮ್ಯಾಲ ಇಡಲೇ ಬಾರದು, ಮೊದಲ ನೀರರೆ ಬ್ಯಾಳಿಯರೆ ಹಾಕಿ ಆಮ್ಯಾಲ ಉರಿ ಹಚ್ಚಬೇಕು, ಒಳಗ ನೀರು ಇರೋತನಕ ನೂರು ಡಿಗ್ರಿ ದಾಟೂದಿಲ್ಲ, ಖಾಲಿ ಇಟ್ರ 232 ಬರಲಿಕ್ಕ ಭಾಳ ಹೊತ್ತು ಬೇಕಾಗಿಲ್ಲ. ಒಗ್ಗರಣಿ ಬ್ಯಾರೆ ಸೌಟಿನಾಗ ಮಾಡಿ ಮ್ಯಾಲ ಹಾಕೂದು. ಶೇಂಗಾ ರವಾ ಹುರಿಯೂದು ಅದರಾಗ ಬ್ಯಾಡ. ಕಟಗಿ ಹುಟ್ಟು ವಾಪರಿಸೂದು, ಸ್ಟೀಲ್ ಸೌಟು ತಳಕ್ಕ ಗರಗರ ತಿಕ್ಕಬಾರದು. ತಾರಿನ ಸ್ಕ್ರಬ್ಬರ್ ಮುಟ್ಟಸಲೇ ಬಾರದು, ತಳ ಹಿಡದ್ರ ರಾತ್ರಿ ಬಿಸಿನೀರು ಹಾಕಿ ನೆನೆಬಿಟ್ಟು ಮುಂಜಾನೆ ಮೆತ್ತನ ಅರಿವಿಲೆ ಒರಸೂದು. ಸಾರು ಉಳದ್ರ ರಾತ್ರಿ ಅದರಾಗೇ ಬಿಡದ ಸ್ಟೀಲ್ ಡಬ್ಬಿಗೆ ಹಾಕೂದು. ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ಕೂದು ಬರೇ ಹೊರಮೈಗೆ, ಅದೂ ತಿಕ್ಕಿದ ಕೂಡಲೇ ತೊಳದು ಒಣ ಅರಿವಿಲೆ ಒರಸಬೇಕು, ಹನಿ ಉಳದ್ರ ಅಲ್ಲೇ ಕಲಿ ಬೀಳ್ತದ. ಒಳಗ ಹಳದಿ ಕಂಡ ದಿನ ಹುಳಿ ಮಾಡೂದು ನಿಲ್ಲಿಸಿ ತಗೊಂಡು ಬರ್ರಿ ಅಂದ್ರು, ವರ್ಷ ಆಗೇದೋ ಇಲ್ಲೋ ಅಂತ ಕ್ಯಾಲೆಂಡರ್ ನೋಡೂದಲ್ಲ, ತಳ ನೋಡೂದು. ಇನ್ನೊಂದು, ಈಗ ಆನ್‌ಲೈನ್‌ದಾಗ ತರಿಸೋ ಹಿತ್ತಾಳಿ ದೀಪ ಮೂರ್ತಿಗೆ ಕೆಲವಕ್ಕ ಹೊರಗ ಲ್ಯಾಕರ್ ಅನ್ನೋ ತೆಳು ವಾರ್ನಿಶ್ ಬಳದಿರ್ತಾರ, ಅದಕ್ಕ ಹುಣಸಿ ಹಚ್ಚಿ ತಿಕ್ಕಿದ್ರ ಪಟ್ಟಿ ಪಟ್ಟಿ ಕಿತ್ತು ಬರ್ತದ, ಅವನ್ನ ಬರೇ ಒಣ ಅರಿವಿಲೆ ಒರಸೂದು.

ಚಲೋ ಇಲ್ಲದ್ದೂ ಹೇಳಬೇಕಲ್ಲ. ಸಣ್ಣ ಬೋಗಾಣಿಗೆ ವಾರ ಅಂದಿದ್ರು, ಹದಿನೈದು ದಿನ ಆತು, ನಡುವ ನಾ ಒಮ್ಮೆ ಸುಮ್ಮನೆ ಹೋಗಿ ಬಂದೆ, ಫೋನ್ ಮಾಡಿದ್ರ ಸುತ್ತಿಗಿ ಸಪ್ಪಳದಾಗ ಎತ್ತೂದಿಲ್ಲ. ಪಾರ್ಕಿಂಗ್ ಅನ್ನೂದು ಇಲ್ಲೇ ಇಲ್ಲ, ಕಾರ್ ತಗೊಂಡು ಹೋಗಲೇಬ್ಯಾಡ್ರಿ. ಹೊಗಿ ಘಾಟು ಭಾಳ, ದಮ್ಮಿನ ತ್ರಾಸ ಇದ್ದವರು, ಸಣ್ಣ ಮಕ್ಕಳನ್ನ ಕರಕೊಂಡು ಹೋಗೋರು ಭಟ್ಟಿಯಿಂದ ದೂರ ಕೂಡ್ರಿ. ಕಾಕಾ ಮಗ ಇಬ್ಬರೂ ಮೂಗಿಗೆ ಬರೇ ಟಾವೆಲ್ ಕಟ್ಟಿ ದಿನವೆಲ್ಲಾ ಆ ಹೊಗಿಯಾಗ ಕೂಡ್ತಾರ, ನೋಡಿ ಜೀವ ಚುರ್ರ್ ಅಂತು, ಎರಡನೇ ಸಲ ಹೋದಾಗ ಚಲೋ ಮಾಸ್ಕ್ ಎರಡು ಒಯ್ದು ಕೊಟ್ಟೆ, ಮಗ ಹಾಕ್ಕೊಂಡ, ಕಾಕಾ ಒಲ್ಲೆ ಅಂದ್ರು. ಹೊರಮೈಗೆ ಪಾಲಿಶ್ ಅವರು ಮಾಡೂದಿಲ್ಲ, ಮನ್ಯಾಗ ನಾವೇ ತಿಕ್ಕೋಬೇಕು.

ರೊಕ್ಕ ಪಾತ್ರಿ ಅಳತಿ ಮ್ಯಾಲ ಹೇಳ್ತಾರ. ದೊಡ್ಡದಕ್ಕ 600, ಸಣ್ಣದಕ್ಕ ಬೆಸಿಗಿ ಹಿಡದು 450 ತಗೊಂಡ್ರು. ಮನಿ ಹತ್ರ ಕೊಟ್ಟಿದ್ದಕ್ಕಿಂತ ಎರಡರಷ್ಟು ಮ್ಯಾಲೇ ಆತು, ನನಗ ಒಂದ ರೂಪಾಯಿನೂ ಜಾಸ್ತಿ ಅನಿಸ್ಲಿಲ್ಲ, ಚೌಕಾಶಿ ಮಾಡಬ್ಯಾಡ್ರಿ ಅಂತ ಕೈಮುಗಿದು ಹೇಳ್ತೀನಿ. ಬೋಗಾಣಿ ತಳದಾಗ ನಮ್ಮ ಮುತ್ತಜ್ಜಿ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರದದ, ಅಂದ್ರ ನನಗ ಬರೂದಕ್ಕ ಮೂರು ತಲಿ ದಾಟೇದ, ನಾ ತಗೊಂಡ ನಾನ್‌ಸ್ಟಿಕ್ ತವಾ ಮೂರು ವರ್ಷ ಬಂದಿದ್ರ ದೊಡ್ಡದು.

ದೊಡ್ಡ ಬೋಗಾಣಿ ಬಂದು ಈಗ ಐದು ವಾರ, ವಾರಕ್ಕ ಮೂರು ಸಲ ಬ್ಯಾಳಿ, ಹುಳಿ, ಸಾರು ಅದರಾಗೇ. ತಳ ನಿನ್ನೆನೂ ಬೆಳಕಿಗೆ ಹಿಡದು ನೋಡೀನಿ, ಎಲ್ಲೂ ಹಳದಿ ಇಲ್ಲ. ಹೋದ ರವಿವಾರ ಹೋಳಿಗಿ ಮಾಡಿ ಅದೇ ಬೋಗಾಣಿಯಾಗ ಕಟ್ಟಿನ ಸಾರು ಇಟ್ಟಿದ್ದೆ, ಅತ್ತಿಯವರು ಏನೂ ಅನ್ಲಿಲ್ಲ, ಎರಡನೇ ಸಲ ಸೌಟು ತಾವೇ ಹಾಕ್ಕೊಂಡ್ರು, ಊಟ ಆದಮ್ಯಾಲ ತಮ್ಮ ಟ್ರಂಕ್‌ದಾಗಿನ ಹಿತ್ತಾಳಿ ಪಾತೇಲಿ ತಗದು ನನ್ನ ಮುಂದ ಇಟ್ರು, ಮುಂದಿನ ಸಲ ಹೋಗೋ ಮುಂದ ಇದನ್ನೂ ಒಯ್ಯಿ ಅಂತ.